ಹಿಂದಿನ ಓಣಿಯ ಪೂರ್ವಪಕ್ಷ

ಬ್ರಿಕ್‌ಫೀಲ್ಡ್ಸ್

ಮಲೇಷ್ಯಾದಲ್ಲಿ ನಾನು ನೆಟ್ಟಗೆ ನೋಡಿದ್ದು ಒಂದು ಊಟದ ಹೋಟೆಲು ಮತ್ತು ಒಂದು ಓಣಿ. ಜೋಡಿ ಗೋಪುರ, ಗುಹೆಯ ಮುರುಗ, ಕಡಲತೀರ ಬೇಕಾದವರು ಬೇರೆಯವರ ಬರಹ ಓದಿಕೊಳ್ಳಬೇಕು. ಕೊರೊನಾ ಶುರುವಾದ ವರ್ಷ ಮೂರು ವಾರಕ್ಕೆಂದು ತಂಗಿಯ ಮನೆಗೆ ಹೋದವಳು ತಿಂಗಳುಗಟ್ಟಲೆ ಅಲ್ಲೇ ಉಳಿದೆ. ಆದರೂ ಪ್ರವಾಸದ ಬಗ್ಗೆ ಬರೆಯಲು ನನಗೇನೂ ಸಂಕೋಚವಿಲ್ಲ. ಒಂದೇ ಓಣಿಯನ್ನು ದಿನಾ ನೋಡಿದವಳ ಹತ್ತಿರವೂ ಹೇಳುವುದಕ್ಕೆ ಬೇಕಾದಷ್ಟಿರುತ್ತದೆ.

ವಿಮಾನ ಇಳಿದ ಮಧ್ಯಾಹ್ನವೇ ತಂಗಿ ಸುಮನಾ ನನ್ನನ್ನು ಬ್ರಿಕ್‌ಫೀಲ್ಡ್ಸ್‌ಗೆ ಊಟಕ್ಕೆ ಕರೆದುಕೊಂಡು ಹೋದಳು. ಮಲ್ಲಿಗೆ ಮಾಲೆ, ಸೀರೆಯಂಗಡಿ, ಧ್ವನಿವರ್ಧಕದಲ್ಲಿ ತಮಿಳು ಹಾಡು. ಇಷ್ಟು ದೂರ ಹಾರಿ ಬಂದದ್ದು ಇದನ್ನೇ ನೋಡುವುದಕ್ಕೋ ಅನ್ನಿಸಿತು. ಬಾಳೆಲೆ ಊಟ. ಬಡಿಸುವವನು ಅನ್ನ ಹಾಕುತ್ತಲೇ ಇದ್ದ. ‘ಸಾಕು’ ಅಂದೆ, ಕೈ ಅಡ್ಡ ಹಿಡಿದೆ. ಅವನು ನಕ್ಕು ಕೈ ಬಳಸಿಕೊಂಡು ಇನ್ನೊಂದು ಸೌಟು ಹಾಕಿದ.

“ಅಕ್ಕಾ, ಎಲೆ ಮಡಿಸು. ಬಾಯಲ್ಲಿ ಬೇಡ ಅಂದ್ರೆ ಇಲ್ಲಿ ಸಂಕೋಚ ಅಂದ್ಕೋತಾರೆ,” ಅಂದಳು ಸುಮನಾ.

ಗಡಿಬಿಡಿಯಲ್ಲಿ ಮಡಿಸಿದೆ. ಗಲ್ಲಾದಲ್ಲಿದ್ದ ಯಜಮಾನರು ಎದ್ದೇ ಬಂದುಬಿಟ್ಟರು. “ಎನ್ನಮ್ಮಾ, ಸಾಂಬಾರ್ ಸರಿಯಿಲ್ಲೆಯಾ?” ನಮ್ಮ ಕಡೆಗೆ ಮಡಿಸಿದರೆ ತೃಪ್ತಿಯಂತೆ, ಆಚೆ ಮಡಿಸಿದರೆ ಅಸಮಾಧಾನವಂತೆ. ನಾನು ಆಚೆ ಮಡಿಸಿದ್ದೆ. ಅವರನ್ನು ಸಮಾಧಾನ ಮಾಡಲು ಪಾಯಸ ಎರಡು ಸಲ ಹಾಕಿಸಿಕೊಳ್ಳಬೇಕಾಯಿತು.

ಪೆಟಾಲಿಂಗ್ ಜಯಾ

ಸುಮನಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅವಳ ಗಂಡ ಗುರುರಾಜನದು ಕಂಪ್ಯೂಟರ್ ಕೆಲಸ. ಮನೆ ಪೆಟಾಲಿಂಗ್ ಜಯಾದಲ್ಲಿ. ಒಂದಕ್ಕೊಂದು ಗೋಡೆ ಅಂಟಿಕೊಂಡ ಸಾಲುಮನೆಗಳು. ಎಲ್ಲ ಮನೆಗಳ ಅಡುಗೆಮನೆಯೂ ಹಿಂದಿನ ಓಣಿಗೆ ತೆರೆದುಕೊಳ್ಳುತ್ತದೆ. ಓಣಿಯ ನಡುವೆ ಚರಂಡಿ. ಅದರಾಚೆ ಇನ್ನೊಂದು ಸಾಲಿನ ಅಡುಗೆಮನೆಗಳು. ಪ್ರತಿ ಬಾಗಿಲಿಗೂ ಕಬ್ಬಿಣದ ಸರಳಿನ ಗೇಟು, ಗೇಟಿನ ಬಳಿ ಒಂದು ಕರಿಬೇವಿನ ಗಿಡ ಇಲ್ಲವೆ ಒಂದು ಬೆಕ್ಕು.

ನಾನು ಬಂದು ಎರಡು ವಾರವಾಗುವಷ್ಟರಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಮನೆಗೆ ಒಬ್ಬರೇ ಹೊರಗೆ ಹೋಗಬಹುದು, ಅದೂ ಹತ್ತಿರದ ಅಂಗಡಿಗೆ. ರಸ್ತೆಗೆ ಅಡ್ಡಲಾಗಿ ಪೊಲೀಸರು. ಗುರುರಾಜ ಮನೆಯ ಯಜಮಾನನೆಂದು ಚೀಲ ಹಿಡಿದು ಹೊರಟ. ಅಂಗಡಿಯ ತುಂಬ ಗಂಡಸರೇ, ಎಲ್ಲರ ಕಿವಿಯಲ್ಲೂ ಫೋನು, ಎಲ್ಲರ ಮುಖದಲ್ಲೂ ದಿಗ್ಭ್ರಮೆ.

“ಅಕ್ಕಾ, ಇಲ್ಲಿ ಹಳದಿ ಬೇಳೆ ಮೂರು ಥರ ಇದೆ!”

“ಮೂಸಿ ನೋಡಪ್ಪಾ.”

“ಮಾಸ್ಕ್ ಹಾಕ್ಕೊಂಡು ಹೇಗಕ್ಕಾ ಮೂಸೋದು?”

ಕಡಲೆಬೇಳೆ ಬಂತು. ಅದರಲ್ಲೇ ಹುಳಿ ಮಾಡಿದೆವು. ಅವರ ಮಗಳು ಇಶಾ ಒಂದು ತುತ್ತು ಬಾಯಿಗಿಟ್ಟು, “ದೊಡ್ಡಮ್ಮಾ, ನಾಟ್ ಬ್ಯಾಡ್ ಲಾ,” ಅಂದಳು. ಹದಿನಾರು ವರ್ಷದ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬರುತ್ತದೆ.

ನನ್ನ ವಿಮಾನವೂ ರದ್ದಾಯಿತು. ಮೈಸೂರಿನಲ್ಲಿ ತಮ್ಮ ರಘುವಿನ ಮನೆಯಲ್ಲಿ ನಮ್ಮಮ್ಮ ಇದ್ದಾಳೆ. ಎರಡು ವರ್ಷದಿಂದ ಅವಳ ನೆನಪು ಸೋರಿಹೋಗುತ್ತಿದೆ. ಹೊರಡುವ ದಿನ ಅವಳ ಕೈ ಹಿಡಿದು, “ಯುಗಾದಿಗೆ ಬಂದು ನಾನೇ ಎಣ್ಣೆ ಹಚ್ಚಿ ಎರೀತೀನಿ,” ಎಂದು ಮಾತು ಕೊಟ್ಟಿದ್ದೆ. ಯುಗಾದಿಗೆ ಇನ್ನೊಂದು ವಾರವಿತ್ತು. ರಘುವಿಗೆ ಫೋನ್ ಮಾಡಿ ಅತ್ತುಬಿಟ್ಟೆ. ರಘು ಸಮಾಧಾನ ಮಾಡಿದ: “ಅಕ್ಕಾ, ನೀನು ಹೋಗಿದ್ದೇ ಅವಳಿಗೆ ಗೊತ್ತಿಲ್ಲ. ನಿನ್ನೆ ನನ್ನನ್ನೇ ಮೇಷ್ಟ್ರೇ ಅಂದಳು. ಅವಳು ಕಾಯ್ತಾ ಇಲ್ಲ, ನೀನ್ಯಾಕೆ ಒದ್ದಾಡ್ತೀಯ?”

ಅವನು ಹೇಳಿದ್ದು ನಿಜ. ಆದರೆ ಆ ನಿಜದಿಂದ ನನ್ನ ಸಂಕಟವೇನೂ ಇಳಿಯಲಿಲ್ಲ.

ಹಿಂದಿನ ಓಣಿ

ಚರಂಡಿಯಾಚೆ, ನಮ್ಮ ಗೇಟಿಗೆ ಸರಿಯಾಗಿ ಎದುರು ಒಬ್ಬ ಎತ್ತರದ ಬಿಳಿಯ ಮುದುಕ. ಚೌಕುಳಿ ಲುಂಗಿ, ಬನಿಯನ್ನು. ಸಂಜೆಯ ಮಳೆ ನಿಂತ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೇಟಿನೊಳಗೆ ಕೂರುತ್ತಿದ್ದರು. ಸುಮನಾ ಅವರನ್ನು ಲೆನ್ ಅಂಕಲ್ ಅನ್ನುತ್ತಿದ್ದಳು. ಪೂರ್ತಿ ಹೆಸರು ಲೆನರ್ಡ್ ಹಾರ್ಗೇಟ್. ಇಂಗ್ಲೆಂಡಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ನಾನೂ ಮೈಸೂರಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸುವವಳೆಂದು ಸುಮನಾ ಅವರಿಗೆ ಮೊದಲೇ ಹೇಳಿದ್ದಳು.

“ಟೀಚರ್, ನೀವು ಫಿಲಾಸಫಿಯಂತೆ. ಯಾರ ವಿರುದ್ಧ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದೇ ಅವರ ಮೊದಲ ಮಾತು.

“ವಿರುದ್ಧವೇ? ಯಾರ ವಿರುದ್ಧವೂ ಅಲ್ಲ. ಸಿಲಬಸ್ ಮುಗಿಸುತ್ತೇನೆ.”

“ಅಯ್ಯೋ,” ಅಂದರು. ಈ ಒಂದು ಪದವನ್ನು ಅವರು ಇಲ್ಲಿಯವರಷ್ಟೇ ಸೊಗಸಾಗಿ ಹೇಳುತ್ತಿದ್ದರು.

ಇಬ್ಬರೂ ನಮ್ಮ ನಮ್ಮ ಗೇಟಿನೊಳಗೆ, ನಡುವೆ ಚರಂಡಿ. ಸರ್ಕಾರ ಹೇಳಿದ ಅಂತರಕ್ಕಿಂತ ಹೆಚ್ಚೇ ಇತ್ತು. ಹಾಗೆ ದಿನಾ ಸಂಜೆ ಒಂದಿಷ್ಟು ಮಾತು. ಬೀನ್ಸ್ ಸೋಸುತ್ತ ಅವರ ಜೀವನಚರಿತ್ರೆಯನ್ನು ಕಂತುಕಂತಾಗಿ ಕೇಳಿದೆ. ಉತ್ತರ ಇಂಗ್ಲೆಂಡಿನ ಒಂದು ಉಣ್ಣೆಗಿರಣಿಯ ಊರು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಎಳೆಯುವವರು. ಹುಡುಗ ಎದುರು ಮಾತಾಡುತ್ತಾನೆಂದು ಮನೆಯಲ್ಲಿ ಏಟು ಬೀಳುತ್ತಿತ್ತು. ಅದೇ ಎದುರು ಮಾತಿಗೆ ವಿದ್ಯಾರ್ಥಿವೇತನ ಸಿಕ್ಕಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದರು. ಮೂವತ್ತು ತುಂಬುವ ಹೊತ್ತಿಗೆ ‘ಮಾತು ಕೊಡುವುದು’ ಎಂಬ ವಿಷಯದ ಮೇಲೆ ಒಂದು ತೆಳ್ಳನೆಯ ಪುಸ್ತಕ ಬರೆದರು. ಆಮೇಲೆ ಸದಾ ಜಿಟಿಜಿಟಿ ಮಳೆ ಬೀಳುವ ಊರೊಂದರಲ್ಲಿ ವರ್ಷಾನುಗಟ್ಟಲೆ ಪಾಠ. ಅಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಲೇಷ್ಯಾದ ತಮಿಳು ಹೆಂಗಸು ಸರೋಜಾ ಅವರ ಜೊತೆ ಮದುವೆ.

“ನಂತರ ಒಂದು ದಿನ ಯೂನಿವರ್ಸಿಟಿಯವರು ಖರ್ಚು ಉಳಿಸಲು ನಮ್ಮ ವಿಭಾಗವನ್ನೇ ಮುಚ್ಚಿದರು. ನನ್ನ ಕುರ್ಚಿ ರಸಾಯನಶಾಸ್ತ್ರದವರಿಗೆ ಹೋಯಿತು. ಸರೋಜಾ, ‘ನಮ್ಮೂರಿಗೆ ಹೋಗೋಣ, ಅಲ್ಲಿ ಮಳೆಯಾದರೂ ಬೆಚ್ಚಗಿರುತ್ತದೆ’ ಅಂದಳು. ಬಂದೆವು. ಇಲ್ಲಿ ವಾಣಿಜ್ಯದ ಮಕ್ಕಳಿಗೆ ತರ್ಕ ಕಲಿಸಿದೆ. ಅವರು ಬಹಳ ಮರ್ಯಾದಸ್ಥರು. ಒಬ್ಬರೂ ನನಗೆ ಎದುರಾಡಲಿಲ್ಲ.”

ಸರೋಜಾ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಈ ಬಂದ್‌ನಿಂದ ಒಂದು ವಿಚಿತ್ರವಾಗಿತ್ತು. ಎಲ್ಲವೂ ವಿಡಿಯೊ ಕರೆಯಲ್ಲೇ ನಡೆಯುವಂತಾಗಿ, ಅವರ ಹಳೆಯ ಶಿಷ್ಯರು, ಅವರೂ ಈಗ ತಲೆ ನರೆತ ಪ್ರೊಫೆಸರುಗಳು, “ದೂರದ ನೆಪ ಇನ್ನಿಲ್ಲ, ಬಂದು ಒಂದು ಪ್ರಬಂಧ ಓದಿ” ಎಂದು ಕರೆದಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇದೇ ಮೊದಲು. ಹಳೆಯ ಪುಸ್ತಕದ ವಾದವನ್ನೇ ಗಟ್ಟಿಮಾಡಿ ಬರೆದಿದ್ದರು. ಸಾರ ಇಷ್ಟೇ: ಮಾತು ಕೊಡುವುದೆಂದರೆ ಇನ್ನೊಬ್ಬರನ್ನು ಕಾಯಲು ಕೂರಿಸುವುದು. ಅವರು ಕಾಯುವಷ್ಟು ಕಾಲ ಮಾತಿನ ಋಣ. ಕಾಯುವವರೇ ಇಲ್ಲವಾದಾಗ ಋಣವೂ ಇಲ್ಲ.

“ಇದು ನಿಲ್ಲುತ್ತದೋ ಬೀಳುತ್ತದೋ ನನಗೇ ಗೊತ್ತಾಗುತ್ತಿಲ್ಲ. ನನ್ನ ಮುಂದೆ ಯಾರೂ ಎದುರು ಮಾತಾಡಿ ಯುಗವಾಯಿತು. ಆ ಹಳೆಯ ಶಿಷ್ಯರು ಮುದುಕನೆಂದು ದಯೆ ತೋರಿಸಿದರೆ ನಾನು ಮುಗಿದೆ ಟೀಚರ್. ಅದಕ್ಕಿಂತ ಓದದೆ ಇರುವುದು ವಾಸಿ,” ಅಂದರು.

ಯುಗಾದಿ: ಪುಚೊಂಗ್‌ನಿಂದ

ನನಗೆ ಒಂದು ಉಪಾಯ ಹೊಳೆಯಿತು. ಪಕ್ಕದ ಪುಚೊಂಗ್‌ನಲ್ಲಿ ಕನ್ನಡದವರ ಮನೆಗಳು ಸಾಕಷ್ಟಿವೆ. ಅವರು ಆ ವರ್ಷದ ಯುಗಾದಿಯನ್ನು ಹಬ್ಬ ಕಳೆದು ಎರಡು ವಾರಕ್ಕೆ ವಿಡಿಯೊ ಕರೆಯಲ್ಲಿ ಮಾಡುತ್ತಿದ್ದರು. ಡಾಕ್ಟರುಗಳು, ಇಂಜಿನಿಯರುಗಳು, ಓದಿದವರೇ. ಅಲ್ಲಿ ಇವರು ಪ್ರಬಂಧ ಓದಲಿ, ನಮ್ಮ ಜನ ಕೇಳಲಿ. ಮುದುಕರಿಗೆ ಒಂದು ತಾಲೀಮೂ ಆಯಿತು, ನಮಗೆ ಒಬ್ಬ ಮುಖ್ಯ ಅತಿಥಿಯೂ ಸಿಕ್ಕಂತಾಯಿತು.

ನಮ್ಮವರಿಗೆ ಮುಖ್ಯ ಅತಿಥಿ ಸಿಕ್ಕರೆ ಕೇಳಬೇಕೆ! “ಅಕ್ಕಾ, ಬರೀ ಭಾಷಣ ಬೇಡ, ಸನ್ಮಾನ ಮಾಡಿಬಿಡೋಣ,” ಅಂದರು ಪುಚೊಂಗ್‌ನ ಕಾರ್ಯದರ್ಶಿ. ನೆರೆಯವಳಾದ್ದರಿಂದ ಶಾಲು ಹೊದಿಸುವ ಹೊಣೆ ನನ್ನದು. ಹತ್ತಿರ ಹೋಗುವಂತಿಲ್ಲ. ಸುಮನಾಳ ರೇಷ್ಮೆ ಶಾಲನ್ನು ನೆಲ ಒರೆಸುವ ಕೋಲಿನ ತುದಿಗೆ ಸಿಕ್ಕಿಸಿ ಚರಂಡಿಯ ಮೇಲಿಂದ ಚಾಚಿದೆ. ಹಣ್ಣಿನ ಚೀಲವೂ ಅದೇ ದಾರಿ ಹಿಡಿಯಿತು. ಇಶಾ ಅದನ್ನೆಲ್ಲ ಫೋನಿನಲ್ಲಿ ತೋರಿಸಿದಳು. ಪರದೆಯ ತುಂಬ ಚಪ್ಪಾಳೆ.

ಅವರು ಶಾಲು ಹೊದ್ದುಕೊಂಡೇ ಓದಿದರು. ಆ ಸೆಕೆಯಲ್ಲಿ! ನಮ್ಮವರೆಲ್ಲ ಧ್ವನಿ ಮುಚ್ಚಿಕೊಂಡು ಕೂತಿದ್ದರು. ಒಬ್ಬರು ಮುಚ್ಚುವುದು ಮರೆತು ಅವರ ಕುಕ್ಕರ್ ಕೂಗಿತು. ಓದು ಮುಗಿಯಿತು. “ಪ್ರಶ್ನೆಗಳು?” ಎಂದು ಪ್ರೊಫೆಸರು ಆಸೆಯಿಂದ ಕ್ಯಾಮೆರಾದ ಹತ್ತಿರಕ್ಕೆ ಮುಖ ತಂದರು. ಒಬ್ಬರೂ ಮಿಸುಕಲಿಲ್ಲ.

ಕಾರ್ಯದರ್ಶಿ ಕಾಪಾಡಿದರು. “ಸರ್ ಎಷ್ಟು ಸ್ಪಷ್ಟವಾಗಿ ಹೇಳಿದ್ದಾರೆ ಅಂದ್ರೆ, ಪ್ರಶ್ನೆಗೆ ಜಾಗವೇ ಇಲ್ಲ.”

ವಂದನಾರ್ಪಣೆ ನನ್ನದು. ಜ್ಞಾನದ ಸಾಗರ ಅಂದೆ. ಇಂಥವರ ನೆರೆಯಲ್ಲಿ ಇರುವುದೇ ಪುಣ್ಯ ಅಂದೆ. ಬಹಳ ಚೆನ್ನಾಗಿ ಮಾತಾಡಿದೆನೆಂದು ಎಲ್ಲರೂ ಹೊಗಳಿದರು.

ಮೂರು ದಿನದ ಮೌನ

ಮರುದಿನ ಎದುರು ಗೇಟಿನಲ್ಲಿ ಕುರ್ಚಿ ಇರಲಿಲ್ಲ. ಅದರ ಮರುದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಜ್ವರವೇನಾದರೂ ಬಂತೋ ಎಂದು ಹೆದರಿದೆ, ಆ ಕಾಲವೇ ಹಾಗಿತ್ತು. ಕೋಲಿನಿಂದ ಅವರ ಗೇಟು ತಟ್ಟಿದೆ. ಬಂದರು. ಶಾಲನ್ನು ಮಡಿಸಿ ಹಿಡಿದಿದ್ದರು, ವಾಪಸ್ ಕೊಡುವುದಕ್ಕೆ.

“ಟೀಚರ್, ನಿಜ ಹೇಳಿ. ಅಷ್ಟು ಕೆಟ್ಟದಾಗಿತ್ತೇ?”

ನನಗೆ ತಲೆಬುಡ ತಿಳಿಯಲಿಲ್ಲ. “ಎಲ್ಲರೂ ಎಷ್ಟು ಹೊಗಳಿದರು!”

“ಅದೇ,” ಅಂದರು. ನಿಧಾನವಾಗಿ ಕುರ್ಚಿ ತಂದು ಕೂತು ವಿವರಿಸಿದರು. ಅವರು ಬೆಳೆದ ಲೋಕದಲ್ಲಿ ಒಬ್ಬ ಪ್ರಬಂಧ ಓದುತ್ತಾನೆ, ಉಳಿದವರು ಅದರ ಮೇಲೆ ಬೀಳುತ್ತಾರೆ. ಹೊಡೆತ ಬಿದ್ದಷ್ಟೂ ಗೌರವ. ಹೊಡೆಯುವಷ್ಟಾದರೂ ಅದರಲ್ಲಿ ಏನೋ ಇತ್ತು ಎಂದರ್ಥ. ಅವರ ಮೊದಲ ಪ್ರಬಂಧವನ್ನು ಗುರುಗಳು ಕಣ್ಣು ಮುಚ್ಚಿ ಕೇಳಿ, ‘ಸ್ವಾರಸ್ಯವಾಗಿದೆ’ ಎಂದಷ್ಟೇ ಹೇಳಿ ಎದ್ದುಹೋದರಂತೆ. “ಆ ರಾತ್ರಿ ನಾನು ಊಟ ಮಾಡಲಿಲ್ಲ. ಸ್ವಾರಸ್ಯವಾಗಿದೆ ಅಂದರೆ ಮಣ್ಣು ಹಾಕಿದ ಹಾಗೆ. ನೀವು ಶಾಲೂ ಹೊದಿಸಿದಿರಿ. ನಾಳೆ ಅವರಿಗೆ ತಿಳಿಸಿಬಿಡುತ್ತೇನೆ, ಓದುವುದಿಲ್ಲ ಅಂತ.”

ನನಗೆ ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಯಾಕೆಂದರೆ ಈ ಲೋಕ ನನಗೆ ಹೊಸದೇನಲ್ಲ. ನಮ್ಮಪ್ಪ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಹೇಳುತ್ತಿದ್ದರು. ವಿದ್ವಾಂಸರ ವಾಕ್ಯಾರ್ಥ ಸಭೆಯಲ್ಲಿ ಗಂಟಲು ಹರಿಯುವಂತೆ ವಾದ ನಡೆಯುತ್ತಿತ್ತು. ಹೆಂಗಸರಾದ ನಾವು ಕಂಬದ ಹಿಂದೆ. ಎದುರಾಳಿಯ ಮಾತನ್ನು, ಅಂದರೆ ಪೂರ್ವಪಕ್ಷವನ್ನು, ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಅದನ್ನು ಮುರಿಯಬೇಕು. ಶಾಲು ಬರುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಈಗ ನಮ್ಮ ಸಭೆಗಳಲ್ಲಿ ವಾದ ಬಿದ್ದುಹೋಗಿ ಶಾಲು ಮಾತ್ರ ಉಳಿದಿದೆ. ನನ್ನ ತರಗತಿಯಲ್ಲೂ ಅಷ್ಟೇ. ನಾನು ನೋಟ್ಸ್ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ.

“ಪ್ರೊಫೆಸರ್, ಯಾರಿಗೂ ಏನೂ ತಿಳಿಸಬೇಡಿ. ಶಾಲು ಅಲ್ಲೇ ಇರಲಿ. ಇನ್ನೊಂದು ಸಲ ಓದಿ. ನಾನು ಹೊಡೆಯುತ್ತೇನೆ,” ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೈಯಲ್ಲಿ ಸೌಟಿತ್ತು. “ನೋಡೋಣ,” ಅಂದರು.

ಹೊಡೆತ

ಓದಿದರು. ಈ ಸಲ ನಾನು ವಂದನಾರ್ಪಣೆಗೆ ಪದ ಹೊಂದಿಸದೆ ಕೇಳಿದೆ. ಮೊದಲ ಹೊಡೆತ ಮರುದಿನ ಹಾಕಿದೆ. “ಸಿಲಬಸ್ ಮುಗಿಸುತ್ತೇನೆಂದು ನನ್ನ ವಿದ್ಯಾರ್ಥಿನಿಯರಿಗೆ ಹೇಳಿ ಬಂದಿದ್ದೇನೆ. ಒಬ್ಬಳೂ ಕಾಯುತ್ತಿಲ್ಲ, ಮುಗಿಸದಿದ್ದರೇ ಅವರಿಗೆ ಸಂತೋಷ. ಆದರೂ ಮುಗಿಸಬೇಕಲ್ಲ?”

“ಅದು ಸಂಬಳದ ಕರ್ತವ್ಯ. ಮಾತಿನ ಋಣವಲ್ಲ. ಮುಂದಿನದು!” ಕೈ ತಟ್ಟಿದರು. ಮುಖಕ್ಕೆ ರಕ್ತ ಬಂದಿತ್ತು.

ಇನ್ನೂ ಎರಡು ಹಾಕಿದೆ, ಎರಡೂ ಬಿದ್ದುಹೋದವು. ಪ್ರೊಫೆಸರು ಖುಷಿಯಾದರು, ನನಗೆ ಉರಿಯಿತು. “ಅಕ್ಕಾ, ಹುಳಿಗೆ ಉಪ್ಪು ಹಾಕಿದ್ಯಾ?” ಎಂದು ಸುಮನಾ ಕೇಳಿದರೆ, “ಮೊದಲು ಹಾಕಿಲ್ಲ ಅಂತ ಸಾಧಿಸು,” ಎಂದೆನಂತೆ. ಗುರುರಾಜ ಊಟದ ಮೇಜಿನಲ್ಲಿ ಬಾಯಿ ಬಿಡುವುದೇ ನಿಲ್ಲಿಸಿದ.

ಆ ಗುರುವಾರ ರಘುವಿಗೆ ಫೋನ್ ಮಾಡಿದಾಗ ಅವನು ಮತ್ತೆ ಅದೇ ಹೇಳಿದ, ಅವಳು ಕಾಯ್ತಾ ಇಲ್ಲ ಅಂತ. ಫೋನ್ ಇಟ್ಟವಳು ನೇರ ಹಿಂದಿನ ಬಾಗಿಲಿಗೆ ಹೋದೆ. ಅಮ್ಮನ ವಿಷಯ ಅದುವರೆಗೆ ಪ್ರೊಫೆಸರಿಗೆ ಹೇಳಿರಲಿಲ್ಲ. ಹೇಳಿದೆ. ಯುಗಾದಿ, ಎಣ್ಣೆಸ್ನಾನ, ಕೊಟ್ಟ ಮಾತು, ಅವಳ ಮರೆವು.

“ನಿಮ್ಮ ಪ್ರಕಾರ ನಾನು ಬಿಡುಗಡೆಯಾದೆ. ಕಾಯುವವಳು ಇದ್ದಾಳೆ, ಕಾಯುವುದು ಮಾತ್ರ ಇಲ್ಲ. ನನ್ನ ತಮ್ಮನೂ ನಿಮ್ಮ ಸಿದ್ಧಾಂತದವನೇ. ನೀವಿಬ್ಬರೂ ಋಣದ ಬಾಗಿಲು ತೆಗೆದು, ಹೋಗು ಅನ್ನುತ್ತೀರಿ. ನಾನು ಹೋಗುತ್ತಿಲ್ಲ. ಸಾಲ ಕೊಟ್ಟವಳು ಮರೆತರೆ ಸಾಲ ತೀರುತ್ತದೆಯೇ?”

ಪ್ರೊಫೆಸರು ಕುರ್ಚಿಯನ್ನು ಗೇಟಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೇಳಿದರು, “ಮೈಸೂರಿಗೆ ಹೋದ ಮೇಲೆ ಏನು ಮಾಡುತ್ತೀರಿ?”

“ಎಣ್ಣೆ ಹಚ್ಚುತ್ತೇನೆ.”

“ಆಕೆಗೆ ಗೊತ್ತಾಗುತ್ತದೆಯೇ?”

“ಎಣ್ಣೆ ಗೊತ್ತಾಗುತ್ತದೆ. ಮಾತು ಗೊತ್ತಾಗುವುದಿಲ್ಲ.”

“ಅಯ್ಯೋ,” ಅಂದರು. ಒಳಗೆ ಹೋಗಿಬಿಟ್ಟರು.

ತಪ್ಪು ಮಾಡಿದೆನೇನೋ ಅಂದುಕೊಂಡೆ. ಬೆಳಿಗ್ಗೆ ಕೋಗಿಲೆಗಿಂತ ಮೊದಲೇ ನಮ್ಮ ಗೇಟು ಸದ್ದಾಯಿತು. ಈ ಸಲ ಅವರ ಕೋಲು. “ನೀವು ಅದನ್ನು ದುಃಖದ ಹಾಗೆ ಹೇಳಿದಿರಿ ಟೀಚರ್. ವಾದದ ಹಾಗೆ ಹೇಳಿ. ಮತ್ತೆ ಹೇಳಿ. ಇನ್ನೂ ಗಟ್ಟಿಯಾಗಿ.” ಅವತ್ತು ಇಡೀ ದಿನ, ನಡುನಡುವೆ ಅನ್ನಕ್ಕಿಡುತ್ತ, ನನ್ನ ಮಾತಿನಿಂದ ಕಣ್ಣೀರನ್ನೆಲ್ಲ ಸೋಸಿ ತೆಗೆದೆವು. ಉಳಿದದ್ದು ಚಿಕ್ಕದಾಗಿತ್ತು, ಆದರೆ ಹರಿತವಾಗಿತ್ತು. ಓದುತ್ತೀರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೇ ಹೇಳಿದರು: “ಈಗ ಓದಬಹುದು. ಈಗ ಅದರಲ್ಲಿ ಬೀಳುವಂಥದ್ದು ಏನೋ ಇದೆ.”

ಶನಿವಾರ ಸಂಜೆ

ಇಂಗ್ಲೆಂಡಿನಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಪ್ರೊಫೆಸರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೆಳಗೆ ಅದೇ ಲುಂಗಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಬಾಗಿಲು ತೆಗೆದೇ ಇತ್ತು, ನನಗೆ ಕೇಳಲೆಂದು. ನಾನು ಈಚೆ ಸ್ಟೂಲಿನ ಮೇಲೆ. ಸುಮನಾಳೂ ಬಂದು ಹಿಂದೆ ನಿಂತಳು.

ತಮ್ಮ ವಾದ ಓದಿದರು. ನಂತರ, “ಇದಕ್ಕೆ ಒಂದು ಆಕ್ಷೇಪವಿದೆ, ಮೈಸೂರಿನ ನನ್ನ ಸಹೋದ್ಯೋಗಿಯದು,” ಎಂದು ನನ್ನ ಮಾತು ಎತ್ತಿಕೊಂಡರು. ನಾನು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದರು. ಸಹೋದ್ಯೋಗಿ! ಸುಮನಾ ನನ್ನ ಭುಜ ಚಿವುಟಿದಳು. ಕೊನೆಗೆ ಅಂದರು, “ನಾನು ಈ ಪುಸ್ತಕವನ್ನು ಜೀವಮಾನವಿಡೀ ಸಮರ್ಥಿಸಿಕೊಂಡಿದ್ದೇನೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ.”

ಆಮೇಲೆ ಮೌನ. ಪುಚೊಂಗ್‌ನ ಮೌನವೇ ಮತ್ತೆ ಬಂತೇ ಅಂದುಕೊಂಡೆ. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಅದು ಕುಸಿಯುತ್ತಿದೆ ಅನ್ನಿಸಿತು.

ಆಗ ಒಂದು ಹೆಂಗಸಿನ ದನಿ, ಒರಟಾಗಿ: “ಲೆನ್, ಇದು ಶುದ್ಧ ಅಸಂಬದ್ಧ.”

ಬೆನ್ನು ನೆಟ್ಟಗಾಯಿತು. ಅವಳ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಬಿದ್ದ, ಅವನ ಮೇಲೆ ಮತ್ತೊಬ್ಬ. ಇವರು “ಇಲ್ಲ, ಇಲ್ಲ, ಇಲ್ಲ!” ಎಂದು ಮೇಜು ಗುದ್ದುತ್ತಿದ್ದರು. ಬೆಕ್ಕು ಹೆದರಿ ಓಣಿಗೆ ಹಾರಿತು. ಆಚೀಚೆ ಮನೆಯವರು ಜಗಳವೆಂದು ಇಣುಕಿದರು. ನಾವು ದೀಪ ಹಚ್ಚಿ, ಚಿತ್ರಾನ್ನ ಕಲಸಿ, ಬಡಿಸಿ ಮುಗಿಸಿದರೂ ಅದು ಮುಗಿದಿರಲಿಲ್ಲ.

ಕೊನೆಗೆ, ಒಳಗೆ ಶಿಷ್ಯರು ಒಬ್ಬರಿಗೊಬ್ಬರು ವಿದಾಯ ಹೇಳುತ್ತಿರುವಾಗಲೇ, ಗೇಟಿನ ಬಳಿ ಬಂದರು. ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಮದುವೆ ಗಂಡಿನ ಮುಖ.

“ಚಿಂದಿ ಮಾಡಿಬಿಟ್ಟರು ಟೀಚರ್! ಮೂರನೆಯ ಭಾಗವಂತೂ ಪೂರ್ತಿ ಹೋಯಿತು. ಇನ್ನೆರಡು ತಿಂಗಳಲ್ಲಿ ಸರಿಮಾಡಿ ಮತ್ತೆ ಓದಬೇಕಂತೆ.” ಹಣೆ ಒರೆಸಿಕೊಂಡು, “ನಿಮ್ಮದನ್ನೂ ಚಿಂದಿ ಮಾಡಿದರು,” ಅಂದರು.

“ನನ್ನದನ್ನೇ? ಯಾರು?”

“ಹಿಲರಿ. ಮೊದಲು ಬೈದಳಲ್ಲ, ಅವಳು. ಮಾತು ಕೊಡದೆ ಹೋಗಿದ್ದರೂ ಆ ಮಗಳು ತಾಯಿಗೆ ಎಣ್ಣೆ ಹಚ್ಚುತ್ತಿದ್ದಳು, ಹಾಗಾದರೆ ಅವಳನ್ನು ಕಟ್ಟಿಹಾಕಿದ್ದು ಮಾತಲ್ಲ, ಪ್ರೀತಿ, ಅನ್ನುತ್ತಾಳೆ. ಬಲವಾದ ಹೊಡೆತ.”

ಮೂವತ್ತು ವರ್ಷ ನೋಟ್ಸ್ ಹೇಳಿಕೊಂಡು ಬಂದ ನನಗೆ ಮೈಯೆಲ್ಲ ಬಿಸಿಯಾಯಿತು. ಅವಳು ಹೇಳಿದ್ದು ಸರಿಯೆಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣ ದಾಟುತ್ತಲೇ ತಪ್ಪೆಂದು ಕಾಣಿಸಿತು.

“ಪ್ರೀತಿಯಾದರೆ ನಾನು ಯಾವತ್ತು ಹೋಗಿ ಎಣ್ಣೆ ಹಚ್ಚಿದರೂ ಆಯಿತಲ್ಲ ಪ್ರೊಫೆಸರ್. ಪ್ರೀತಿಗೆ ತಡ ಅನ್ನುವುದೇ ಇಲ್ಲ. ಮಾತಿಗೆ ತಡ ಇದೆ. ಯುಗಾದಿ ಕಳೆದುಹೋಯಿತು. ನಾನು ತಡವಾಗಿದ್ದೇನೆ.”

ಅವರು ಸರ್ರನೆ ತಿರುಗಿ ಒಳಗೆ ಓಡಿದರು. ಎಂಬತ್ತರ ಮನುಷ್ಯ ಲುಂಗಿ ಎತ್ತಿಕಟ್ಟಿ ಓಡಿದ್ದನ್ನು ಸುಮನಾ ಇಂದಿಗೂ ಹೇಳಿ ನಗುತ್ತಾಳೆ. “ಹಿಲರಿ! ಹೋಗಬೇಡ! ಯಾರೂ ಕರೆ ಮುಗಿಸಬೇಡಿ!” ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಗೇಟಿನ ಸರಳುಗಳ ನಡುವೆ ನನ್ನ ಕಡೆ ತಿರುಗಿಸಿ ಹಿಡಿದರು. ಪರದೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ನರೆಗೂದಲ ತಲೆಗಳು. ಒಬ್ಬಾಕೆ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದಳು.

“ಹೇಳಿ, ಕೇಳುತ್ತಿದ್ದೇನೆ,” ಅಂದಳು.

ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು, ಎದ್ದು ನಿಂತು, ಓಣಿಯೆಲ್ಲ ಕೇಳುವ ಹಾಗೆ ಹೇಳಿದೆ.